ಹನ್ನೊಂದನೆಯ ಪೆನ್ಸಿಲ್ ಗುರುತು

ಆಸ್ಪತ್ರೆಯಲ್ಲಿ ಕತ್ತರಿ ಹಿಡಿದವರಿಗೆ ಕೀರ್ತಿ, ಚೀಟಿ ಬರೆದವರಿಗೆ ಗೌರವ, ಹಾಸಿಗೆಯ ಪಕ್ಕ ನಿಂತವರಿಗೆ ಹಾರೈಕೆ ಸಲ್ಲುವುದು ವಾಡಿಕೆ. ಔಷಧ ಎಣಿಸಿ ಕೊಡುವವರ ಪಾಲಿಗೆ ಬರುವುದು ಕಿಟಕಿಯೊಳಗೆ ಚಾಚಿದ ಕೈಗಳು ಮಾತ್ರ. ಅಂಥದೊಂದು ಕಿಟಕಿಯ ಹಿಂದೆ ಮೂವತ್ತನಾಲ್ಕು ವರ್ಷ ಕೂತು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ಫಾರ್ಮಸಿಸ್ಟರನ್ನು ರೋಗಿಗಳು ಮೊದಮೊದಲು ಕಂಪೌಂಡರಮ್ಮ ಎಂದರು. ಆಮೇಲೆ ಇಡೀ ಆಸ್ಪತ್ರೆ ಪೆನ್ಸಿಲ್ ಮೇಡಂ ಎಂದಿತು. ಔಷಧ ಕೊಟ್ಟು ಉಳಿಸಿದವರ ಪಟ್ಟಿ ಎಲ್ಲ ಆಸ್ಪತ್ರೆಗಳಲ್ಲೂ ಇರುತ್ತದೆ. ಬೇಡದ ಔಷಧ ಕೊಡದೆ ಉಳಿಸಿದವರ ಪಟ್ಟಿಯನ್ನು ಯಾರೂ ಇಡುವುದಿಲ್ಲ. ಇಟ್ಟಿದ್ದರೆ ಅವರ ಬೀಳ್ಕೊಡುಗೆಗೆಂದು ತರುತ್ತಿರುವ ಈ ಗ್ರಂಥಕ್ಕೆ ಬೇರೆ ಲೇಖನಗಳೇ ಬೇಕಾಗುತ್ತಿರಲಿಲ್ಲ.

ಮುಂದೆ ಓದುವವರಿಗೆ ಒಂದು ಮಾತು. ಈ ಲೇಖನದಲ್ಲಿ ಒಬ್ಬ ಹೊಸ ಡಾಕ್ಟರು ಬರುತ್ತಾರೆ. ಆ ಮಹಾನುಭಾವ ಬೇರೆ ಯಾರೂ ಅಲ್ಲ, ಇದನ್ನು ಬರೆಯುತ್ತಿರುವವನೇ. ಆಗಿನ ಆ ಮನುಷ್ಯನನ್ನು ‘ನಾನು’ ಎನ್ನಲು ನಾಲಿಗೆ ಹಿಂಜರಿಯುವುದರಿಂದ ದೂರದ ನೆಂಟರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದೇನೆ. ಮೇಡಂ ಮನಸ್ಸಿನೊಳಗಿನ ಮಾತುಗಳೆಲ್ಲ ಅವರೇ ಹೇಳಿದ್ದು. ಕರಡನ್ನು ಅವರಿಗೆ ತೋರಿಸಿದಾಗ ಹನ್ನೊಂದು ಕಡೆ ಪೆನ್ಸಿಲ್ಲಿನ ಪ್ರಶ್ನೆಚಿಹ್ನೆ ಬಿತ್ತು. ಅದರಲ್ಲಿ ಒಂಬತ್ತು ಬಿದ್ದದ್ದು ಹೊಗಳಿಕೆಯ ಮಾತುಗಳ ಪಕ್ಕ. “ಇದು ಬೇಕಿತ್ತಾ ಡಾಕ್ಟ್ರೇ? ತೆಗೆದ್ರೆ ಏನಾಗುತ್ತೆ?” ಎಂದರು. ತೆಗೆದೆ, ಲೇಖನಕ್ಕೆ ಏನೂ ಆಗಲಿಲ್ಲ. ಉಳಿದ ಎರಡು ಗುರುತುಗಳ ವಿಷಯ ಅವುಗಳ ಜಾಗದಲ್ಲಿ ಬರುತ್ತದೆ.

ಮೇಡಂ ಕೆಲಸಕ್ಕೆ ಸೇರಿದ ಕಾಲದಲ್ಲಿ ಔಷಧದ ಕಿಟಕಿಗೆ ಅಡ್ಡಲಾಗಿ ಮರದ ಹಲಗೆ ಹೊಡೆದು, ಅದರಲ್ಲಿ ಒಂದು ಗೇಣಗಲದ ತೂತು ಬಿಟ್ಟಿದ್ದರು. ಒಳಗಿನವರಿಗೆ ಹೊರಗಿನವರ ಮುಖ ಕಾಣುತ್ತಿರಲಿಲ್ಲ, ಹೊರಗಿನವರಿಗೆ ಒಳಗಿನವರ ಮಾತು ಕೇಳುತ್ತಿರಲಿಲ್ಲ. ದಿನಕ್ಕೆ ಮುನ್ನೂರು ಕೈ, ಮುನ್ನೂರು ಚೀಟಿ. ಬರೆದದ್ದನ್ನು ಎಣಿಸುವುದು, ಪೊಟ್ಟಣ ಕಟ್ಟುವುದು, “ಬೆಳಗ್ಗೆ ಒಂದು, ಸಂಜೆ ಒಂದು” ಎಂದು ತೂತಿನ ಕಡೆ ಕೂಗುವುದು. ಹೀಗೆ ಮೂರು ವರ್ಷ ನಡೆಯಿತು.

ಆಗೊಮ್ಮೆ ಒಬ್ಬ ಬಸ್ ಚಾಲಕರು ಎರಡು ಕೊಠಡಿಗಳಿಂದ ಎರಡು ಚೀಟಿ ತಂದರು, ಒಂದು ಮೂಗು ಸೋರುವುದಕ್ಕೆ, ಇನ್ನೊಂದು ಚರ್ಮದ ತುರಿಕೆಗೆ. ಬರೆದ ಹೆಸರು ಎರಡು, ಮದ್ದು ಒಂದೇ ಜಾತಿಯದು, ಎರಡೂ ನಿದ್ದೆ ತರಿಸುವಂಥದು. ಮೇಡಂ ಎರಡನ್ನೂ ಎಣಿಸಿ ಕೊಟ್ಟರು. ವಾರದ ಮೇಲೆ ಅದೇ ಕೈ ಒಳಗೆ ಬಂತು. ಹೆಬ್ಬೆರಳಿನ ಉಗುರು ಸೀಳಿದ್ದರಿಂದ ಗುರುತು ಸಿಕ್ಕಿತು. ಈ ಸಲದ ಚೀಟಿ ನೋವಿನ ಮಾತ್ರೆಗೆ. ಬಗ್ಗಿ ನೋಡಿದರೆ ಹಣೆಗೆ ಬ್ಯಾಂಡೇಜು.

“ಏನಾಯ್ತು?”

“ಡಿಪೋ ಗೋಡೆಗೆ ಬಸ್ಸು ಗುದ್ದಿಬಿಟ್ಟೆ ಅಮ್ಮಾ. ಕಣ್ಣು ಎಳೀತಾ ಇತ್ತು. ಪುಣ್ಯಕ್ಕೆ ಬಸ್ಸು ಖಾಲಿ ಇತ್ತು. ಆದ್ರೂ ನಿಮ್ಮ ಮಾತ್ರೆ ಒಳ್ಳೇದು, ತುರಿಕೆ ಪೂರ್ತಿ ನಿಂತಿದೆ.”

ಆ ಮನುಷ್ಯ ಕೃತಜ್ಞತೆ ಹೇಳಿ ಹೋದರು. ‘ಪುಣ್ಯಕ್ಕೆ ಖಾಲಿ ಇತ್ತು’ ಎಂಬ ಮಾತು ಮಾತ್ರ ಮೇಡಂ ಅವರ ಬೆನ್ನು ಬಿಡಲಿಲ್ಲ. ಬೆಳಗ್ಗೆ ಕೆಲಸಕ್ಕೆ ಬರುವಾಗ ಬಸ್ಸಿನಲ್ಲಿ ತುಂಬಿದ ಸೀಟುಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ ಎಂದು ಅವರೇ ಹೇಳಿದ್ದಾರೆ. ತಿಂಗಳು ಕಳೆಯುವುದರೊಳಗೆ ಬಡಗಿಯನ್ನು ಕರೆಸಿ ಕಿಟಕಿಯ ಹಲಗೆ ಕೀಳಿಸಿದರು. “ಮೇಡಂ, ಜನ ಒಳಗೇ ಬಂದುಬಿಡ್ತಾರೆ” ಎಂದು ಉಗ್ರಾಣದ ಗುಮಾಸ್ತರು ಹೆದರಿಸಿದರು. “ಬರಲಿ ಬಿಡಿ, ಮುಖವಾದ್ರೂ ಕಾಣುತ್ತೆ” ಎಂದರು ಮೇಡಂ. ಪೆನ್ಸಿಲ್ಲು ಕೈಗೆ ಬಂದದ್ದೂ ಆ ತಿಂಗಳೇ. ಯಾವ ಔಷಧದ ಮೇಲೆ ಅನುಮಾನ ಬಂದರೂ ಅದರ ಪಕ್ಕ ಸಣ್ಣ ಪ್ರಶ್ನೆಚಿಹ್ನೆ ಹಾಕಿ, ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ, ಚೀಟಿಯನ್ನು ಬರೆದವರ ಕೊಠಡಿಗೆ ತಾವೇ ಒಯ್ಯುತ್ತಿದ್ದರು. ಪೆನ್ನಿನಲ್ಲಿ ಬರೆದರೆ ತಪ್ಪು ಹಿಡಿದ ಹಾಗೆ, ಪೆನ್ಸಿಲ್ಲಿನಲ್ಲಾದರೆ ಕೇಳಿದ ಹಾಗೆ, ಬೇಡವಾದರೆ ಅವರೇ ಅಳಿಸಿಕೊಳ್ಳಲಿ ಎಂಬುದು ಅವರ ಲೆಕ್ಕ.

ಹೊಸ ಡಾಕ್ಟರು ಬಂದದ್ದು ಇದಾಗಿ ಹತ್ತು ವರ್ಷಕ್ಕೆ. ತರಬೇತಿಯ ಕಾಲದಲ್ಲಿ ಅವರು ಒಂದು ಮಗುವನ್ನು ಬರೀ ನೆಗಡಿಯೆಂದು ಹಾಗೇ ಕಳಿಸಿದ್ದರು. ಮರುದಿನ ಅದು ನ್ಯುಮೋನಿಯಾ ಆಗಿ ವಾರ್ಡಿಗೆ ಬಂದಿತ್ತು. ಮಗು ಉಳಿಯಿತು, ಆದರೆ ಡಾಕ್ಟರ ಪೆನ್ನಿಗೆ ನಿಲ್ಲುವುದೇ ಮರೆತುಹೋಯಿತು. ಯಾರೇ ಸೀನಲಿ, ಐದು ಸಾಲು: ಒಂದು ಆಂಟಿಬಯೋಟಿಕ್, ಒಂದು ಜ್ವರದ ಮಾತ್ರೆ, ಒಂದು ಕೆಮ್ಮಿನ ಔಷಧ, ಒಂದು ಟಾನಿಕ್, ಈ ನಾಲ್ಕರಿಂದ ಹೊಟ್ಟೆ ಕೆಡದಿರಲೆಂದು ಐದನೆಯದು. ಜನಕ್ಕೆ ಅವರೆಂದರೆ ಪ್ರಾಣ. ಅವರ ಕೈಗುಣದಿಂದ ಏಳು ದಿನದಲ್ಲಿ ಹೋಗುವ ನೆಗಡಿ ಒಂದೇ ವಾರದಲ್ಲಿ ಹೋಗುತ್ತಿತ್ತು. ಔಷಧ ಕಂಪನಿಗಳ ಪ್ರತಿನಿಧಿಗಳು ಚರ್ಮದ ಚೀಲ ಹಿಡಿದು ಬಂದು ಅವರ ಬಾಗಿಲಲ್ಲಿ ಮಾತ್ರ ನಗುನಗುತ್ತಾ ಕಾಯುತ್ತಿದ್ದರು.

ಮೊದಲ ವಾರದಲ್ಲೇ ಅವರ ಚೀಟಿಗಳ ಮೇಲೆ ನಲವತ್ತು ಪ್ರಶ್ನೆಚಿಹ್ನೆ ಬಿದ್ದವು. ಶನಿವಾರ ಹೊಸ ಡಾಕ್ಟರು ಕೆಂಡವಾಗಿ ಕಿಟಕಿಗೆ ಬಂದರು.

“ನೀವು ಡಾಕ್ಟರಾ ಮೇಡಂ?”

“ಅಲ್ಲ ಸಾರ್. ಅದಕ್ಕೇ ಪೆನ್ಸಿಲ್ಲಲ್ಲಿ ಬರೆದೆ.”

“ನಾನು ಬರೀದಿದ್ರೆ ಎದುರಿಗಿನ ಅಂಗಡೀಲಿ ಕೇಳಿ ತಗೋತಾರೆ. ಗೊತ್ತಾ ನಿಮಗೆ?”

“ಗೊತ್ತು ಸಾರ್. ಆಗ ಅದು ಅಂಗಡಿಯವರ ತಪ್ಪು. ಈಗ ನಮ್ಮದು. ಎರಡು ನಿಮಿಷ ಇದ್ರೆ ಮೇಲೆ ಬನ್ನಿ, ಒಂದು ತಟ್ಟೆ ತೋರಿಸ್ತೀನಿ.”

ಮೇಲಿನ ಮಹಡಿಯಲ್ಲಿ ಲ್ಯಾಬು. ಅಲ್ಲಿನ ಗಾಜಿನ ತಟ್ಟೆಗಳಲ್ಲಿ ರೋಗಿಯ ಗಾಯದಿಂದ ತೆಗೆದ ರೋಗಾಣುಗಳನ್ನು ಬೆಳೆಸಿ, ಬೇರೆ ಬೇರೆ ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಟ್ಟಿರುತ್ತಾರೆ. ಯಾವ ಔಷಧ ಕೆಲಸ ಮಾಡುತ್ತದೋ ಅದರ ಸುತ್ತ ರೋಗಾಣು ಸತ್ತು, ತಿಳಿಯಾದ ಬಳೆಯಂಥ ಗುರುತು ಮೂಡುತ್ತದೆ. ಆ ತಟ್ಟೆಯಲ್ಲಿ ಎಂಟು ಬಿಲ್ಲೆಗಳಿದ್ದವು. ಬಳೆ ಒಂದಕ್ಕೂ ಇರಲಿಲ್ಲ. ಅದು ಆಸ್ಪತ್ರೆಯ ಹಾಸಿಗೆ ಬಟ್ಟೆ ಹೊಲಿಯುತ್ತಿದ್ದ ಟೈಲರರ ತೋರುಬೆರಳಿನದು. ಸೂಜಿ ಚುಚ್ಚಿ ಮೂರು ವಾರವಾಗಿತ್ತು. ಅವರು ಕೆಳಗಿನ ವಾರ್ಡಿನಲ್ಲಿ ಮಲಗಿ, ಬರುವ ಹೋಗುವವರನ್ನೆಲ್ಲ “ನಾಳೆ ಮಷೀನಿಗೆ ಕೂರಬಹುದಾ?” ಎಂದು ಕೇಳುತ್ತಿದ್ದರು.

“ಇವರು ಆಂಟಿಬಯೋಟಿಕ್ ನುಂಗಿದ್ದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ ಸಾರ್” ಎಂದರು ಮೇಡಂ. “ಯಾರು ಯಾರು ನುಂಗಿದ್ರೋ. ಬೇಡದ ಕಡೆಯೆಲ್ಲ ನಾವು ಕೊಟ್ಟು ಕೊಟ್ಟು, ಈ ರೋಗಾಣುಗೆ ರೂಢಿ ಮಾಡಿಸಿಬಿಟ್ಟಿದೀವಿ. ಊರೆಲ್ಲ ನುಂಗಿತು, ಬೆರಳು ಇವರದು ಹೋಗುತ್ತೆ.”

ಬೆರಳು ಹೋಯಿತು. ಟೈಲರರು ಮಧ್ಯದ ಬೆರಳಿನಿಂದ ಬಟ್ಟೆ ಒತ್ತುವುದನ್ನು ಕಲಿತರು. ಹೊಲಿಗೆ ಮಾತ್ರ ಮೊದಲಿನಷ್ಟು ನೇರವಾಗಿ ಬರಲಿಲ್ಲ. ಆ ವಾಲಿದ ಹೊಲಿಗೆಯ ಹಾಸಿಗೆ ಬಟ್ಟೆಗಳು ಎಷ್ಟೋ ವರ್ಷ ನಮ್ಮ ವಾರ್ಡುಗಳಲ್ಲಿದ್ದವು. ಹೊಸ ಡಾಕ್ಟರು ರೋಗಿಗಳನ್ನು ನೋಡುವಾಗ ಅವುಗಳ ಅಂಚಿನ ಮೇಲೆ ಕೈ ಇಡುತ್ತಿರಲಿಲ್ಲ.

ಮರುವಾರ ಒಬ್ಬ ತಾಯಿ ಸೊರಸೊರ ಎನ್ನುವ ಮಗುವನ್ನು ಕರೆತಂದಾಗ ಹೊಸ ಡಾಕ್ಟರು ಎದೆಗೆ ಕೊಳವೆಯಿಟ್ಟು ಎರಡು ಸಲ ಕೇಳಿ, ಜ್ವರದ ಔಷಧ ಒಂದನ್ನೇ ಬರೆದು, “ಮೂರು ದಿನ ಬಿಟ್ಟು ಬಂದು ಹೇಳಮ್ಮಾ, ಉಸಿರು ಜೋರಾದ್ರೆ ತಕ್ಷಣ ಬಾ” ಎಂದರು. ಆ ಮೂರು ದಿನ ಅವರಿಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಮಧ್ಯಾಹ್ನದೊಳಗೆ ನಾಲ್ಕು ಸಲ ಕಿಟಕಿಗೆ ಬಂದು “ಆ ತಾಯಿ ಬಂದ್ರಾ?” ಎಂದು ಕೇಳಿದರು. ಹೊರರೋಗಿ ವಿಭಾಗ ಮುಚ್ಚುವ ಹೊತ್ತಿಗೆ ಆಕೆ ಒಬ್ಬಳೇ ಬಂದಳು. “ಮಗು ಎಲ್ಲಿ?” ಎಂದರು ಡಾಕ್ಟರು. “ನೆಗಡಿ ಹೋಯ್ತು ಡಾಕ್ಟ್ರೇ. ಆಟ ಬಿಟ್ಟು ಬರಲ್ಲ ಅಂತು. ಬಂದು ಹೇಳು ಅಂದಿದ್ರಲ್ಲ, ಹೇಳೋಕ್ಕೆ ಬಂದೆ” ಎಂದಳು ಆಕೆ. ಮೇಡಂ ಆ ಮೂರು ದಿನವೂ ತಮ್ಮ ಪರಿಚಯದ ದಾದಿಯೊಬ್ಬರನ್ನು ಆ ಮನೆಗೆ ಕಳಿಸಿ ಮಗುವಿನ ಉಸಿರು ಎಣಿಸಲು ಹೇಳಿದ್ದರೆಂಬುದು ಡಾಕ್ಟರಿಗೆ ತಿಳಿದದ್ದು ಆರು ವರ್ಷದ ಮೇಲೆ, ಅದೂ ದಾದಿಯ ಬಾಯಿಂದ.

ಇದಾದ ಮೇಲೆ ಅವರಿಬ್ಬರೂ ಸೇರಿ ಮಂಗಳವಾರದ ಮೇಜು ಶುರು ಮಾಡಿದರು. ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯ ಓಣಿಯ ಕೊನೆಯಲ್ಲಿ ಒಂದು ಮೇಜು. ಮನೆಯಲ್ಲಿರುವ ಔಷಧವನ್ನೆಲ್ಲ ಚೀಲದಲ್ಲಿ ತಂದು ಸುರಿಯಬೇಕು, ಯಾವುದನ್ನೂ ಬಚ್ಚಿಡಬಾರದು. ಒಂದೇ ಮಾತ್ರೆ ಮೂರು ಹೆಸರಿನಲ್ಲಿ, ತೀರಿಹೋದ ಗಂಡನ ಮಾತ್ರೆ ಹೆಂಡತಿಯ ಡಬ್ಬಿಯಲ್ಲಿ, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ನಿದ್ದೆಯ ಗುಳಿಗೆ. ಎಲ್ಲವೂ ಆ ಮೇಜಿಗೆ ಬಂದವು. ಊರಿನವರ ಚೀಲಗಳನ್ನೆಲ್ಲ ಸುರಿಸಿಕೊಂಡ ಮೇಡಂ ತಮ್ಮ ಮನೆಯ ಚೀಲವನ್ನು ಮಾತ್ರ ತರಲಿಲ್ಲ.

ಮನೆಯಲ್ಲಿ ಅವರ ಅಕ್ಕ ಇದ್ದರು. ತಾಯಿ ಬೇಗ ತೀರಿಹೋದ ಮೇಲೆ ತಂಗಿಯನ್ನು ಸಾಕಿ, ಓದಿಸಿ, ಕೆಲಸಕ್ಕೆ ಕಳಿಸಿದವರು. ನಲವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ದಾರಿಯಲ್ಲಿ ಹೋಗುವ ಗಾಡಿಗಳ ನಂಬರನ್ನು ಸುಮ್ಮನೆ ಕೂಡಿ ಗುಣಿಸುವ ಚಪಲ ಅವರಿಗೆ. ಅಂಥವರು ನಾಲ್ಕು ವರ್ಷದ ಹಿಂದೆ ಕೇಳಿದ್ದನ್ನೇ ಕೇಳತೊಡಗಿದರು. ಆಮೇಲೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಬಚ್ಚಲಿನಿಂದ ಕೋಣೆಗೆ ದಾರಿ ತಪ್ಪಿತು. ಒಂದು ದಿನ ತಂಗಿಯನ್ನು ನೋಡಿ “ನರ್ಸಮ್ಮ, ನಮ್ಮ ಪುಟ್ಟಿ ಸ್ಕೂಲಿಂದ ಬಂದ್ಲಾ?” ಎಂದು ಕೇಳಿದರು. ಪುಟ್ಟಿ ಎಂದರೆ ಮೇಡಂ ಅವರೇ.

ದೊಡ್ಡ ಡಾಕ್ಟರುಗಳು ನೋಡಿ ವಯಸ್ಸಿನ ಮರೆವು ಎಂದರು. ಮಾತ್ರೆಗಳು ಏಳಾದವು. ಪ್ರತಿ ಭಾನುವಾರ ಸಂಜೆ ಏಳು ಮುಚ್ಚಳದ ಡಬ್ಬಿಗೆ ಮೇಡಂ ತಮ್ಮ ಕೈಯಾರೆ ವಾರದ ಮಾತ್ರೆ ತುಂಬುತ್ತಿದ್ದರು. ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಏಕೆ ಕೇಳಲಿಲ್ಲವೆಂದು ಅವರು ತಮ್ಮನ್ನು ತಾವು ಸಾವಿರ ಸಲ ಕೇಳಿಕೊಂಡಿದ್ದಾರೆ. “ಕಿಟಕಿ ಹಿಂದೆ ಇದ್ದಾಗ ನಾನು ಫಾರ್ಮಸಿಸ್ಟು. ಮನೇಲಿ ನಾನು ಬರೀ ತಂಗಿ. ಹೇಳಿದ್ದನ್ನ ತಪ್ಪದೆ ಕೊಟ್ರೆ ಅಕ್ಕ ಉಳೀತಾಳೆ ಅನ್ನೋ ಭಯ ಒಂದೇ ಇದ್ದಿದ್ದು” ಎಂದು ಒಮ್ಮೆ ಹೇಳಿದರು.

ಎರಡು ವರ್ಷ ಕಳೆದ ಮೇಲೆ, ಬೇರೆ ಬೇರೆ ಚೀಟಿ ಹಿಡಿದು ಓಡಾಡುವುದು ಕಷ್ಟವೆಂದು, ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಲು ಮೇಡಂ ಹೊಸ ಡಾಕ್ಟರ ಕೊಠಡಿಗೆ ಬಂದರು. ಹೊಸ ಡಾಕ್ಟರ ತಲೆ ಆ ಹೊತ್ತಿಗೆ ಅರ್ಧ ನರೆತಿತ್ತು. ಹೆಸರು ಮಾತ್ರ ಅಂಟಿಕೊಂಡು ಉಳಿದಿತ್ತು. ಅವರು ಚೀಟಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಮೊದಲನೆಯದು ಬಿ.ಪಿ. ಮಾತ್ರೆ. ಎರಡನೆಯದು ಕಾಲು ಊತಕ್ಕೆ, ನೀರಿಳಿಸುವ ಮಾತ್ರೆ. ಮೂರನೆಯದು ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯಲು. ನಾಲ್ಕನೆಯದು ನಿದ್ದೆಗೆ, ಐದನೆಯದು ತಲೆಸುತ್ತಿಗೆ, ಆರನೆಯದು ಮರೆವಿಗೆ, ಏಳನೆಯದು ಆರನೆಯದರಿಂದ ಹೊಟ್ಟೆ ತೊಳಸದಿರಲೆಂದು. ಎರಡನೆಯ ಚೀಟಿಯ ಮೇಲೆ ಡಾಕ್ಟರ ಕೈ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಮೇಡಂ ಅವರ ಜೇಬಿನಿಂದಲೇ ಪೆನ್ಸಿಲ್ಲು ಕೇಳಿ ತೆಗೆದುಕೊಂಡು ಅದರ ಪಕ್ಕ ಒಂದು ಪ್ರಶ್ನೆಚಿಹ್ನೆ ಹಾಕಿದರು.

“ಇದು ಬೇಕಿತ್ತಾ ಮೇಡಂ?”

ಕಾಲು ಊದಿದ್ದು ಬಿ.ಪಿ. ಮಾತ್ರೆಯಿಂದ. ಆಗ ಆ ಮಾತ್ರೆಯನ್ನು ಬದಲಾಯಿಸಿದ್ದರೆ ಸಾಕಿತ್ತು. ಬದಲಿಗೆ ಊತಕ್ಕೊಂದು ಮಾತ್ರೆ ಬಂತು. ಅದರಿಂದ ಮೂತ್ರದ ಅವಸರ, ಅವಸರಕ್ಕೊಂದು ಮಾತ್ರೆ. ಮುದುಕರ ತಲೆಯನ್ನು ಮಬ್ಬು ಮಾಡುವ ಗುಣ ಆ ಮೂರನೆಯದಕ್ಕಿದೆ, ನಿದ್ದೆಯದಕ್ಕೂ ಇದೆ. ಮಬ್ಬಿಗೆ ಮರೆವಿನ ಕಾಯಿಲೆಯೆಂದು ಹೆಸರಿಟ್ಟು ಇನ್ನೊಂದು ಮಾತ್ರೆ. ಮೇಡಂ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಕಿಟಕಿಗೆ ಹೋದರು, ಸಾಲಿನಲ್ಲಿ ನಲವತ್ತು ಜನ ಕಾಯುತ್ತಿದ್ದರು. ಅವತ್ತು ಒಬ್ಬೊಬ್ಬರ ಮಾತ್ರೆಯನ್ನೂ ಮೂರು ಮೂರು ಸಲ ಎಣಿಸಿದರು, ತಮ್ಮ ಕೈ ಮೇಲೆ ತಮಗೇ ನಂಬಿಕೆ ಇರಲಿಲ್ಲ.

ಇಲ್ಲಿ ಕರಡಿನ ಹತ್ತನೆಯ ಗುರುತು ಬಿದ್ದಿತ್ತು. “ಓದಿದವರು ಹೆದರಿ ತಾವೇ ಮಾತ್ರೆ ನಿಲ್ಲಿಸಿಬಿಟ್ರೆ?” ಎಂದು ಮೇಡಂ ಅಂಚಿನಲ್ಲಿ ಬರೆದಿದ್ದರು. ಹಾಗಾಗಿ ಹೇಳುತ್ತಿದ್ದೇನೆ: ಅಕ್ಕನ ಮಾತ್ರೆಗಳನ್ನು ನಮ್ಮ ಹಿರಿಯ ವೈದ್ಯರು ಒಂದೊಂದಾಗಿ, ವಾರಗಟ್ಟಲೆ ಕಾದು, ನೋಡಿಕೊಂಡು ಇಳಿಸಿದರು, ಬಿ.ಪಿ.ಗೆ ಬೇರೆ ಮಾತ್ರೆ ಕೊಟ್ಟರು, ಅದು ಬೇಕೇ ಬೇಕಿತ್ತು. ತಮಗೆ ತಾವೇ ಯಾರೂ ನಿಲ್ಲಿಸತಕ್ಕದ್ದಲ್ಲ.

ಮಾತ್ರೆ ಇಳಿಸಲು ಹಿಡಿದ ಆ ಒಂಬತ್ತು ವಾರ ಮೇಡಂ ಬದುಕಿದ್ದು ಹೇಗೆಂದು ನಾವು ಕಂಡಿದ್ದೇವೆ. ಬೆಳಗ್ಗೆ ಅಕ್ಕನ ಬಿ.ಪಿ. ನೋಡಿ, ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುತ್ತದೋ ಎಂದು ನೋಡಿ, ಕೆಲಸಕ್ಕೆ ಬಂದು ಗಂಟೆಗೊಮ್ಮೆ ಮನೆಗೆ ಫೋನು. ಅವರನ್ನು ಕಾಡುತ್ತಿದ್ದ ಭಯ ಒಂದಲ್ಲ, ಎರಡು. ಅಕ್ಕ ಗುಣವಾಗದಿದ್ದರೆ ಅದು ನಿಜವಾದ ಕಾಯಿಲೆ, ಅಕ್ಕ ಇನ್ನು ಸಿಗುವುದಿಲ್ಲ. ಗುಣವಾದರೆ ಅದು ಕಾಯಿಲೆಯೇ ಅಲ್ಲ, ಅಷ್ಟು ದಿನ ಅಕ್ಕನನ್ನು ಕಸಿದುಕೊಂಡದ್ದು ತನ್ನ ಕೈ. ಯಾವುದನ್ನು ಹಾರೈಸುವುದೋ ತಿಳಿಯದೆ ಅವರು ತೂಕ ಇಳಿದು ಅರ್ಧವಾದರು.

ಒಂಬತ್ತನೆಯ ಭಾನುವಾರ ಸಂಜೆ ಮೇಜಿನ ಮುಂದೆ ಕೂತು ಡಬ್ಬಿ ತುಂಬುತ್ತಿದ್ದರು. ಈಗ ಉಳಿದಿದ್ದದ್ದು ಒಂದೇ ಬಗೆಯ ಮಾತ್ರೆ. ಎದುರಿನ ಕುರ್ಚಿಯಲ್ಲಿ ಅಕ್ಕ ಸುಮ್ಮನೆ ನೋಡುತ್ತಿದ್ದರು.

“ಪುಟ್ಟಿ, ಬುಧವಾರಕ್ಕೆ ಎರಡು ಹಾಕಿದೀಯ. ಎಣಿಸೋಕ್ಕೆ ಬರಲ್ವೇನೇ ನಿನಗೆ?”

ಮೇಡಂ ನೋಡಿದರು. ಬುಧವಾರದ ಖಾನೆಯಲ್ಲಿ ನಿಜವಾಗಿಯೂ ಎರಡು ಮಾತ್ರೆ ಇದ್ದವು. ಇಡೀ ಸೇವಾವಧಿಯಲ್ಲಿ ಎಣಿಕೆ ತಪ್ಪದವರು ಅಂದು ತಪ್ಪಿದ್ದರು. ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು. “ಇಷ್ಟಕ್ಕೆಲ್ಲ ಅಳ್ತಾರೇನೇ? ಒಂದನ್ನ ತೆಗೆದು ಗುರುವಾರಕ್ಕೆ ಹಾಕು, ಲೆಕ್ಕ ಸರಿಹೋಗುತ್ತೆ” ಎಂದರು ಅಕ್ಕ.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನ ಬರೆಯುವುದು ಸುಲಭವಿತ್ತು. ಮರುವಾರ ಅಕ್ಕ ತಮ್ಮ ಜೊತೆ ಪಾಠ ಮಾಡಿದ್ದ ಹಳೆಯ ಗೆಳತಿಯ ಬಗ್ಗೆ ವಿಚಾರಿಸಿದರು. ಆ ಗೆಳತಿ ತೀರಿಹೋಗಿ ವರ್ಷವಾಗಿತ್ತು. ಹೇಳದೆ ವಿಧಿಯಿರಲಿಲ್ಲ.

“ನಾನು ಹೋಗಿದ್ನೇನೇ ನೋಡೋಕ್ಕೆ?”

“ಹೋಗಿದ್ದೆ ಅಕ್ಕ. ನಾನೇ ಕರಕೊಂಡು ಹೋಗಿದ್ದೆ.”

“ಅತ್ತಿದ್ನಾ?”

ಆ ಸಾವಿನ ಮನೆಯಲ್ಲಿ ಅಕ್ಕ ಅತ್ತಿರಲಿಲ್ಲ. ಅಲ್ಲಿದ್ದವರನ್ನೆಲ್ಲ ನೋಡಿ ನಗುತ್ತಾ, ಶಾಲೆ ಎಷ್ಟು ಗಂಟೆಗೆ ಬಿಡುತ್ತದೆಂದು ಕೇಳುತ್ತಿದ್ದರು. ಮೇಡಂ ಎದ್ದು ಒಳಗೆ ಹೋದರು.

ಈಗ ಮೇಡಂ ಕಿಟಕಿ ಬಿಡುವ ಹೊತ್ತು ಬಂದಿದೆ. ಚೀಟಿಗಳು ಇನ್ನು ಕಾಗದದ ಮೇಲೆ ಬರುವುದಿಲ್ಲ, ನೇರವಾಗಿ ಕಂಪ್ಯೂಟರಿಗೆ ಬರುತ್ತವೆ. ಪರದೆಯ ಮೇಲೆ ಪೆನ್ಸಿಲ್ಲು ಬರೆಯುವುದಿಲ್ಲ. ಹೊಸದಾಗಿ ಬಂದ ಎಳೆಯ ವೈದ್ಯರು ಐದಲ್ಲ, ಏಳು ಸಾಲು ಬರೆಯುವುದನ್ನು ಕಾಣುತ್ತಿದ್ದೇವೆ. ಊರಿನ ಎಷ್ಟು ಮನೆಗಳಲ್ಲಿ ಏಳು ಮುಚ್ಚಳದ ಡಬ್ಬಿಗಳನ್ನು ಯಾರು ಯಾರು ಪ್ರೀತಿಯಿಂದ ತುಂಬುತ್ತಿದ್ದಾರೋ, ಲೆಕ್ಕ ಇಟ್ಟವರಿಲ್ಲ. ಮಂಗಳವಾರದ ಮೇಜಿಗೆ ಮಾತ್ರ ನಿವೃತ್ತಿಯಿಲ್ಲ, ಬಸ್ ಹಿಡಿದಾದರೂ ಬರುತ್ತೇನೆಂದು ಮೇಡಂ ಹೇಳಿರುವುದೇ ಸದ್ಯದ ಧೈರ್ಯ.

ಉಳಿದದ್ದು ಹನ್ನೊಂದನೆಯ ಗುರುತು. ಅಕ್ಕನ ವಿಷಯ ಬರೆದು ಮುಗಿಸಿದ ಜಾಗದಲ್ಲಿ, ಕರಡಿನಲ್ಲಿ ಒಂದು ವಾಕ್ಯವಿತ್ತು: ‘ಇದರಲ್ಲಿ ಯಾರ ತಪ್ಪೂ ಇರಲಿಲ್ಲ.’ ಮೇಡಂ ಅದರ ಪಕ್ಕ ಪ್ರಶ್ನೆಚಿಹ್ನೆ ಹಾಕಿದ್ದರು. ಮೂರು ದಿನ ಅದನ್ನು ನೋಡುತ್ತಾ ಕೂತಿದ್ದೆ. ಈಗ ಆ ವಾಕ್ಯವನ್ನು ಅಳಿಸಿ, ಅದರ ಜಾಗಕ್ಕೆ ಸೇರಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಹೊಸ ಡಾಕ್ಟರ ತಲೆಗೆ ಕಟ್ಟುವಂತಿಲ್ಲ. ಆ ಎರಡನೆಯ ಚೀಟಿ ನನ್ನದು. ಐದು ವರ್ಷದ ಹಿಂದೆ ಆಸ್ಪತ್ರೆಯ ಓಣಿಯಲ್ಲಿ ಎದುರಾದಾಗ ಮೇಡಂ “ಅಕ್ಕನ ಕಾಲು ಊದಿದೆ ಡಾಕ್ಟ್ರೇ” ಎಂದಿದ್ದರು. ಅವರು ನನಗೆ ಮಾಡಿದ ಉಪಕಾರಕ್ಕೆ ಇಷ್ಟಾದರೂ ಮಾಡೋಣವೆಂದು, ಅಕ್ಕನನ್ನು ನೋಡದೆ, ಬೇರೆ ಏನು ತೆಗೆದುಕೊಳ್ಳುತ್ತಿದ್ದಾರೆಂದು ಕೇಳದೆ, ಗೋಡೆಗೆ ಕಾಗದ ಒತ್ತಿ ನಿಂತಲ್ಲೇ ಬರೆದುಕೊಟ್ಟಿದ್ದೆ. ಚೀಟಿಗಳನ್ನು ಜೋಡಿಸಿದ ದಿನ ನನ್ನ ಅಕ್ಷರ ನನಗೂ ಗೊತ್ತಾಯಿತು, ಅವರಿಗೂ ಗೊತ್ತಿತ್ತು. ಇಷ್ಟು ದಿನ ಇಬ್ಬರೂ ಆ ಮಾತು ಆಡಲಿಲ್ಲ.

ಮೇಡಂ, ಅಕ್ಕನ ಜೊತೆ, ಆದಷ್ಟು ಕಡಿಮೆ ಮಾತ್ರೆಗಳಲ್ಲಿ, ನೀವು ಬಹುಕಾಲ ಬಾಳಬೇಕು. ಪೆನ್ಸಿಲ್ಲನ್ನು ಕೆಳಗಿಡಬೇಡಿ. ನನ್ನ ಸೇವೆ ಇನ್ನೂ ಒಂಬತ್ತು ವರ್ಷ ಇದೆ, ದಿನಕ್ಕೆ ನೂರು ಚೀಟಿ ಬರೆಯುತ್ತೇನೆ.